ಬೇಸ್ ಗಿಟಾರ್ ಇಲ್ಲದೆ ಬೇಸ್: ಇರೋ ಗಿಟಾರ್‌ನಲ್ಲೇ ಡೆಮೊ ಮುಗಿಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ. ಧ್ವನಿ ತುಣುಕು ಬರುವ ಜಾಗಗಳನ್ನು ಆವರಣದಲ್ಲಿ ತೋರಿಸಿದ್ದೇವೆ.)

ಬೆಟಗೇರಿಯ ನನ್ನ ಅದೇ ಪುಟ್ಟ ರೂಮಿನಿಂದ ಮಾತಾಡ್ತಾ ಇದ್ದೀನಿ. ಫ್ಯಾನ್ ಆಫ್ ಮಾಡಿದ್ದೀನಿ, ಕಿಟಕಿಗೆ ಕಂಬಳಿ ಕಟ್ಟಿದ್ದೀನಿ. ಹೊರಗಿಂದ ಹಾರ್ನ್ ಕೇಳಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಇವತ್ತು ಮೊದಲು ಒಂದು ತುಣುಕು ಕೇಳಿ.

(ಧ್ವನಿ ತುಣುಕು: ಹಾಡಿನ 10 ಸೆಕೆಂಡ್)

ಹಾಡುಗಾರನ ದನಿ, ಢೋಲಕ್, ಅದರ ಕೆಳಗೆ ಗುಂಯ್ ಅಂತ ನಡೀತಿರೋ ಬೇಸ್. ಆ ಬೇಸ್ ನಿಜವಾಗಿ ಬೇಸ್ ಗಿಟಾರ್ ಅಲ್ಲ. ನನ್ನ ಹಳೇ ಎಲೆಕ್ಟ್ರಿಕ್ ಗಿಟಾರ್. ಅದನ್ನ ಹೇಗೆ ಮಾಡಿದ್ವಿ, ಮೊದಲ ಸಲ ಹೇಗೆ ಕೆಡಿಸಿದ್ವಿ, ಯಾಕೆ ಕೆಟ್ಟಿತು ಅನ್ನೋದೇ ಇವತ್ತಿನ ಸಂಚಿಕೆ.

ಭಾನುವಾರ ರಾತ್ರಿವರೆಗೆ ಟೈಮು

ನಾವು ನಾಲ್ಕು ಜನ. ನಾನು ಬೆಟಗೇರಿ, ಹಾಡೋನು ಲಕ್ಷ್ಮೇಶ್ವರದವನು, ಢೋಲಕ್ ಬಾರಿಸೋನು ಮುಂಡರಗಿಯವನು. ಶಿರಹಟ್ಟಿಯ ನಾಲ್ಕನೆಯವನ ಹತ್ರ ಬೇಸ್ ಗಿಟಾರ್ ಇತ್ತು. "ಇತ್ತು" ಅಂದೆ, ಯಾಕಂದ್ರೆ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ತು, ಗಿಟಾರೂ ಅವನ ಜೊತೆ ಹೋಯ್ತು. ಖುಷಿಯ ವಿಷಯಾನೇ. ಆದ್ರೆ ಅವನು ಹೋದ ಎರಡೇ ವಾರಕ್ಕೆ ಬೆಂಗಳೂರಿನಿಂದ ಒಂದು ಮೇಲ್ ಬಂತು. ಹೊಸ ಹಾಡುಗಾರರ ಕಾರ್ಯಕ್ರಮಕ್ಕೆ ಡೆಮೊ ಕಳಿಸಿ, ಭಾನುವಾರ ರಾತ್ರಿ ಕೊನೆ ಅಂತ.

ನಮ್ಮ ಹಾಡುಗಾರನಿಗೆ ಇದು ಬರೀ ಕಾರ್ಯಕ್ರಮ ಅಲ್ಲ. ಮನೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಐತೆ. ಈ ಮುಂಗಾರಿಂದ ಪೂರ್ತಿ ಅಂಗಡೀಲಿ ಕೂತ್ಕೋ ಅಂತ ಅವರಪ್ಪ ಹೇಳಿ ಆಗಿತ್ತು. ಅವನು ಒಂದೇ ಮಾತು ಕೇಳ್ಕೊಂಡಿದ್ದ: "ಇದೊಂದು ಹಾಡು ಕಳಸ್ತೀನ್ರಿ ಅಪ್ಪಾ, ಆಮ್ಯಾಲ ನೀವು ಹೇಳಿದಂಗ."

ಬೇಸ್ ಇಲ್ಲದೆ ಹಾಡು ಕೇಳಿದ್ವಿ. ಪಾಯ ಇಲ್ಲದ ಮನೆ ಹಂಗೆ ಇತ್ತು. ಆಗ ಅವನಂದ, "ಕಂತಿನ ಮ್ಯಾಲ ಒಂದು ಬೇಸ್ ತಗೊಂಡ್ಬಿಡೋಣು." ಹುಬ್ಬಳ್ಳಿಗೆ ಫೋನ್ ಮಾಡಿ ವಿಚಾರಿಸಿದ್ವಿ. ಕಡಿಮೆ ಅಂದ್ರೂ ₹14,000 ಅಂದ್ರು, ಕೇಬಲ್ ಬೇರೆ. ಅವನು ಆಗಲೇ ಬೈಕಿನ ಕಂತು ಕಟ್ತಾ ಇದ್ದಾನೆ. ನಾನು ಬಿ.ಕಾಂ ಮಾಡಿದವನು, ಬೇರೇನು ಬರದಿದ್ರೂ ಇಷ್ಟು ಗೊತ್ತು: ಮೂರೂವರೆ ನಿಮಿಷದ ಒಂದು ಡೆಮೊಗೆ ಹದಿನಾಲ್ಕು ಸಾವಿರ ಸಾಲ ಅಂದ್ರೆ ಅದು ಹೂಡಿಕೆ ಅಲ್ಲ, ಬರೀ ಖರ್ಚು. ಡೆಮೊದ ಕೆಲಸ ಹಾಡು ಹೇಗಿದೆ ಅಂತ ತೋರಿಸೋದು. ನಮ್ಮ ಹತ್ರ ಯಾವ ವಾದ್ಯ ಇದೆ ಅಂತ ತೋರಿಸೋದಲ್ಲ.

ಹಾಗಾಗಿ ಗೋಡೆಗೆ ತೂಗುಹಾಕಿದ್ದ ಗಿಟಾರ್ ಇಳಿಸಿದೆ.

ಮಂದ್ರ ಸಪ್ತಕ ಗೊತ್ತಿದ್ರೆ ಅರ್ಧ ಕೆಲಸ ಮುಗೀತು

ಗದಗಿನಲ್ಲಿ ಬೆಳೆದವರಿಗೆ ಸಂಗೀತ ಕಲಿಯದೇ ಇದ್ರೂ ಕೆಲವು ಮಾತು ಕಿವಿಗೆ ಬಿದ್ದಿರ್ತಾವೆ. ವೀರೇಶ್ವರ ಪುಣ್ಯಾಶ್ರಮ ಇರೋ ಊರು ಇದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ನೂರಾರು ಮಕ್ಕಳಿಗೆ ಹಾಡು ಕಲಿಸಿದ ಜಾಗ. ಭೀಮಸೇನ ಜೋಶಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ರೋಣದಲ್ಲಿ, 1922ರಲ್ಲಿ. ಮಂದ್ರ, ಮಧ್ಯ, ತಾರ ಅನ್ನೋ ಮೂರು ಸಪ್ತಕಗಳ ಹೆಸರು ಇಲ್ಲಿ ಯಾರಿಗಾದ್ರೂ ಗೊತ್ತು.

ಬೇಸ್ ಗಿಟಾರ್ ಅಂದ್ರೆ ಅಷ್ಟೇ. ಗಿಟಾರ್‌ನ ಮಂದ್ರ ಸಪ್ತಕ.

ಲೆಕ್ಕ ನೋಡಿ. ಮಾಮೂಲಿ ಗಿಟಾರ್‌ಗೆ ಆರು ತಂತಿ. ದಪ್ಪ ಕಡೆಯಿಂದ ಮೊದಲ ನಾಲ್ಕು ತಂತಿಗಳ ಸ್ವರ ಇ, ಎ, ಡಿ, ಜಿ. ನಾಲ್ಕು ತಂತಿಯ ಬೇಸ್‌ನಲ್ಲಿ ಯಾವ ಸ್ವರ? ಅವೇ ಇ, ಎ, ಡಿ, ಜಿ. ಹೆಸರು ಒಂದೇ, ಜಾಗ ಒಂದೇ, ಬೆರಳಿಡೋ ಲೆಕ್ಕ ಕೂಡ ಒಂದೇ. ಗಿಟಾರ್‌ನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತೆ, ಅಂದ್ರೆ 82 ಹರ್ಟ್ಸ್. ಬೇಸ್‌ನ ಇ ತಂತಿ 41 ಹರ್ಟ್ಸ್. ಸರಿಯಾಗಿ ಅರ್ಧ. ಗಿಟಾರ್‌ನ ಎ ತಂತಿ 110, ಬೇಸ್‌ನದು 55. ಸ್ವರ ಅರ್ಧ ಆದ್ರೆ ಒಂದು ಸಪ್ತಕ ಕೆಳಗೆ ಇಳಿದಂಗೆ. ಇದನ್ನೇ ಇಂಗ್ಲಿಷ್‌ನಲ್ಲಿ ಆಕ್ಟೇವ್ ಅಂತಾರೆ. ಹಾರ್ಮೋನಿಯಂ ಮೇಲೆ ಕಪ್ಪು-ಬಿಳಿ ಪಟ್ಟಿ ಎಲ್ಲಾ ಸೇರಿಸಿ 12 ಹೆಜ್ಜೆ ಎಡಕ್ಕೆ ಹೋದ್ರೆ ಅದೇ ಸ್ವರ ದಪ್ಪಗೆ ಸಿಗುತ್ತಲ್ಲ, ಹಂಗೆ. ಸಾಫ್ಟ್‌ವೇರ್‌ನಲ್ಲಿ ಈ ಹೆಜ್ಜೆಗೆ ಸೆಮಿಟೋನ್ ಅಂತ ಹೆಸರು. ಮೈನಸ್ 12 ಅಂತ ಹಾಕಿದ್ರೆ ಒಂದು ಸಪ್ತಕ ಕೆಳಗೆ.

ತಂತಿ ಸಡಿಲ ಮಾಡಿದ್ರೆ ಆಗಲ್ವಾ?

ಢೋಲಕ್‌ನವನು ಇದನ್ನೇ ಕೇಳಿದ. "ಕಿವಿ ತಿರುವಿ ತಂತಿ ಸಡಲ ಮಾಡಲೇ, ತಾನ ದಪ್ಪ ಆಗ್ತೈತಿ."

ಆಗಲ್ಲ. ಸ್ವರ ಅರ್ಧ ಆಗಬೇಕಾದ್ರೆ ತಂತಿಯ ಬಿಗಿತ ಅರ್ಧ ಅಲ್ಲ, ನಾಲ್ಕನೇ ಒಂದು ಭಾಗಕ್ಕೆ ಇಳೀಬೇಕು. ಅಷ್ಟು ಸಡಿಲ ಆದ್ರೆ ತಂತಿ ಬಟ್ಟೆ ಒಣಹಾಕೋ ಹಗ್ಗದ ಹಂಗೆ ಜೋಲುತ್ತೆ. ಫ್ರೆಟ್‌ಗೆ ಬಡಿದು ಜರ್ರ್ ಅನ್ನುತ್ತೆ, ಸ್ವರ ನಿಲ್ಲಲ್ಲ.

ಹಂಗಾದ್ರೆ ಗಿಟಾರ್‌ಗೆ ಬೇಸ್‌ನ ದಪ್ಪ ತಂತಿ ಹಾಕೋದಾ? ಅದೂ ಬೇಡ. ಬೇಸ್ ಗಿಟಾರ್‌ನಲ್ಲಿ ತಂತಿ ಕಂಪಿಸೋ ಉದ್ದ ಸಾಮಾನ್ಯವಾಗಿ 34 ಇಂಚು, ಎಲೆಕ್ಟ್ರಿಕ್ ಗಿಟಾರ್‌ನಲ್ಲಿ 25 ಇಂಚಿನ ಆಸುಪಾಸು. ಗಿಟಾರ್‌ನ ದಪ್ಪ ತಂತಿ 0.046 ಇಂಚು ಇದ್ರೆ, ಬೇಸ್‌ನದು 0.105 ಇಂಚಿನಷ್ಟು. ಎರಡು ಪಟ್ಟಿಗಿಂತ ಜಾಸ್ತಿ. ಗಿಟಾರ್‌ನ ಕಿವಿಯ ತೂತಿಗೂ ಅದು ಹೋಗಲ್ಲ, ಮೇಲಿನ ಗೀರಿನಲ್ಲೂ ಕೂರಲ್ಲ. ಹೋಗಲೇಬೇಕು ಅಂತ ಕೊರೆದ್ರೆ ಇರೋ ಗಿಟಾರೂ ಹಾಳು.

ಅಂದ್ರೆ ತಂತಿಗೆ ಕೈ ಹಚ್ಚೋದು ಬೇಡ. ತಂತಿಯಿಂದ ಹೊರಗೆ ಬಂದ ಸದ್ದನ್ನ ಇಳಿಸಬೇಕು. ಅದಕ್ಕೆ ಮೂರು ದಾರಿ.

ಮೊದಲ ದಾರಿ: ಆಕ್ಟೇವ್ ಪೆಡಲ್

ಇದು ಕಾಲಲ್ಲಿ ಒತ್ತೋ ಸಣ್ಣ ಡಬ್ಬಿ. ಬಾಸ್ ಅನ್ನೋ ಕಂಪನಿಯ ಓಸಿ-2 ಅಂತ ಒಂದಿದೆ, 1982ರಲ್ಲಿ ಬಂದಿದ್ದು. (ಕಂಪನಿ ಹೆಸರು ಬಾಸ್, ನಮಗೆ ಬೇಕಿರೋದು ಬೇಸ್. ತಲೆ ಕೆಡಿಸ್ಕೋಬೇಡಿ.) ಅದರೊಳಗಿನ ಸರ್ಕ್ಯೂಟ್ ಮಾಡೋದು ಸರಳ ಕೆಲಸ. ಬರೋ ಕಂಪನಗಳನ್ನ ಎಣಿಸುತ್ತೆ, ಎರಡಕ್ಕೆ ಒಂದು ಅಂತ ಹೊರಗೆ ಬಿಡುತ್ತೆ. 82 ಒಳಗೆ ಹೋದ್ರೆ 41 ಹೊರಗೆ.

ಎಣಿಸೋದು ಅಂದ್ನಲ್ಲ, ಅಲ್ಲೇ ಅದರ ದೌರ್ಬಲ್ಯ. ಒಂದು ಸಲಕ್ಕೆ ಒಂದೇ ಸ್ವರ ಇದ್ರೆ ಎಣಿಸುತ್ತೆ. ಎರಡು ತಂತಿ ಒಟ್ಟಿಗೆ ಮೊಳಗಿದ್ರೆ ಲೆಕ್ಕ ತಪ್ಪಿ ಗೊರಗೊರ ಅನ್ನುತ್ತೆ. ಆಮೇಲೆ ಬಂದ ಡಿಜಿಟಲ್ ಪೆಡಲ್‌ಗಳು ಕಾರ್ಡ್‌ಗಳನ್ನೂ ಇಳಿಸ್ತಾವೆ.

ಈ ಪೆಡಲ್ ದಾರಿಗೆ ಜಗತ್ತಿಗೇ ಗೊತ್ತಿರೋ ಉದಾಹರಣೆ ಒಂದಿದೆ. ಫುಟ್‌ಬಾಲ್ ಸ್ಟೇಡಿಯಂಗಳಲ್ಲಿ ಜನ ಓ ಓ ಅಂತ ಹಾಡೋ 'ಸೆವೆನ್ ನೇಷನ್ ಆರ್ಮಿ', 2003ರ ಹಾಡು. ದಿ ವೈಟ್ ಸ್ಟ್ರೈಪ್ಸ್ ತಂಡದ್ದು. ಶುರುವಿನಲ್ಲಿ ಬರೋ ಆ ದಪ್ಪ ಸದ್ದು ಬೇಸ್ ಅಂತ ಎಲ್ಲರೂ ಅಂದ್ಕೊಂಡ್ರು. ಆ ತಂಡದಲ್ಲಿ ಬೇಸ್ ಬಾರಿಸೋರೇ ಇರಲಿಲ್ಲ. ಇದ್ದಿದ್ದು ಇಬ್ಬರೇ, ಒಬ್ಬರು ಡ್ರಮ್ಸ್, ಒಬ್ಬರು ಗಿಟಾರ್. ಜ್ಯಾಕ್ ವೈಟ್ ತನ್ನ ಗಿಟಾರನ್ನ ವ್ಯಾಮಿ ಅನ್ನೋ ಪೆಡಲ್‌ನಿಂದ ಒಂದು ಸಪ್ತಕ ಇಳಿಸಿ ಬಾರಿಸಿದ್ದ. ಹಾಗಾಗಿ ಇದು ಬಡವರ ಜುಗಾಡ್ ಅಂತ ಯಾರಾದ್ರೂ ನಕ್ರೆ, ಆ ಹಾಡು ಕೇಳಿಸಿ.

ನಮ್ಮ ಹತ್ರ ಪೆಡಲ್ ಇರಲಿಲ್ಲ. ಮುಂದಿನ ದಾರಿಗೆ ಹೋದ್ವಿ.

ಎರಡನೇ ದಾರಿ: ರೆಕಾರ್ಡ್ ಮಾಡಿ ಆಮೇಲೆ ಇಳಿಸೋದು

ಗಿಟಾರನ್ನ ಮಾಮೂಲಿಯಾಗಿ ಬಾರಿಸಿ ರೆಕಾರ್ಡ್ ಮಾಡಿ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಮೈನಸ್ 12. ಆಡಾಸಿಟಿ ಉಚಿತ, ಅದರಲ್ಲಿ 'ಚೇಂಜ್ ಪಿಚ್' ಅಂತ ಇದೆ. ರೀಪರ್ ಬಳಸೋರಿಗೆ 'ರಿಯಾಪಿಚ್' ಜೊತೆಗೇ ಬರುತ್ತೆ. ನಾವು ಮಾಡಿದ್ದು ಈ ದಾರಿ.

ಬಾರಿಸ್ತಾ ಇರುವಾಗಲೇ ಇಳಿಸಿ ಕೇಳೋಕೆ ಹೋಗಬೇಡಿ. ಕಂಪ್ಯೂಟರ್‌ಗೆ ಸ್ವರ ಯಾವುದು ಅಂತ ಗೊತ್ತಾಗೋಕೆ ಕನಿಷ್ಠ ಒಂದು ಸುತ್ತು ಕಂಪನ ಕೇಳಬೇಕು. 82 ಹರ್ಟ್ಸ್‌ನ ಒಂದು ಸುತ್ತಿಗೇ ಸುಮಾರು 12 ಮಿಲಿಸೆಕೆಂಡ್ ಬೇಕು. ಅದರ ಮೇಲೆ ಲೆಕ್ಕ ಹಾಕೋ ಹೊತ್ತು, ಸೌಂಡ್ ಕಾರ್ಡ್‌ನ ಹೊತ್ತು. ನೀವು ತಂತಿ ಮೀಟಿದ ಮೇಲೆ ಸದ್ದು ತಡವಾಗಿ ಬರುತ್ತೆ, ಕೈ ತಾಳ ತಪ್ಪುತ್ತೆ. ಗಿಟಾರ್‌ನ ಮೂಲ ಸದ್ದು ಕೇಳ್ಕೊಂಡೇ ಬಾರಿಸಿ, ಇಳಿಸೋದು ಆಮೇಲೆ.

ಮೂರನೇ ದಾರಿ: ಅರ್ಧ ಸ್ಪೀಡು

ನಾನು ಚಿಕ್ಕವನಿದ್ದಾಗ ನಮ್ಮನೇಲಿ ಟೇಪ್ ರೆಕಾರ್ಡರ್ ಇತ್ತು. ಸೆಲ್ ಇಳಿದಾಗ ಹಾಡು ನಿಧಾನ ಆಗ್ತಿತ್ತು, ಜೊತೆಗೇ ದನಿ ದಪ್ಪ ಆಗ್ತಿತ್ತು. ಲತಾ ಮಂಗೇಶ್ಕರ್ ದನಿ ಗಂಡಸಿನ ದನಿ ಆಗೋದು. ಅದೇ ತತ್ವ. ಸದ್ದನ್ನ ಅರ್ಧ ವೇಗಕ್ಕೆ ಇಳಿಸಿದ್ರೆ ಸ್ವರವೂ ಅರ್ಧ ಆಗುತ್ತೆ, ಅಂದ್ರೆ ಒಂದು ಸಪ್ತಕ ಕೆಳಗೆ.

ನಿಮ್ಮ ಹಾಡು ನಿಮಿಷಕ್ಕೆ 80 ಬೀಟ್ ಇದ್ರೆ, 160ರಲ್ಲಿ ಬಾರಿಸಿ ರೆಕಾರ್ಡ್ ಮಾಡಿ. ಆಮೇಲೆ ವೇಗ ಅರ್ಧ ಮಾಡಿ. ಸರಿಯಾಗಿ 80ಕ್ಕೆ ಬಂದು ಕೂರುತ್ತೆ. ಇದರಲ್ಲಿ ಸಾಫ್ಟ್‌ವೇರ್ ಯಾವ ಸ್ವರವನ್ನೂ ಊಹಿಸಬೇಕಾಗಿಲ್ಲ, ಹಾಗಾಗಿ ಆ ರೋಬೋಟ್ ಥರದ ನಡುಕ ಬರಲ್ಲ. ಮೀಟಿದ ಪೆಟ್ಟು ಕೂಡ ಮೆತ್ತಗಾಗಿ ಬೇಸ್ ಥರಾನೇ ಕೇಳಿಸುತ್ತೆ. ತೊಂದರೆ ಏನಂದ್ರೆ ದುಪ್ಪಟ್ಟು ವೇಗದಲ್ಲಿ ತಪ್ಪಿಲ್ಲದೆ ಬಾರಿಸಬೇಕು. ಸಣ್ಣ ತಪ್ಪೂ ಎರಡು ಪಟ್ಟು ಉದ್ದ ಆಗಿ ಕೇಳಿಸುತ್ತೆ. ನಮ್ಮ ಹಾಡಿನ ನಿಧಾನದ ಭಾಗಕ್ಕೆ ಮಾತ್ರ ಇದನ್ನ ಬಳಸಿದ್ವಿ.

(ಧ್ವನಿ ತುಣುಕು: ಒಂದೇ ಸಾಲು, ಮೊದಲು ಮೈನಸ್ 12, ಆಮೇಲೆ ಅರ್ಧ ಸ್ಪೀಡು)

ಬಾರಿಸುವಾಗಲೇ ಬೇಸ್ ಆಗಬೇಕು

ಸಾಫ್ಟ್‌ವೇರ್ ಸ್ವರ ಇಳಿಸುತ್ತೆ. ಗಿಟಾರ್ ಬಾರಿಸೋ ಚಾಳಿ ಇಳಿಸಲ್ಲ. ನಾನು ಮೊದಲ ದಿನ ಕಾರ್ಡ್ ಎಳೆದು ಬಾರಿಸಿದೆ. ಇಳಿಸಿದ ಮೇಲೆ ಎಮ್ಮೆ ಕೆರೆಗೆ ಬಿದ್ದಂಗೆ ಕೇಳ್ತು. ಆಮೇಲೆ ಕಲ್ತಿದ್ದು ಇಷ್ಟು:

ಗಿಟಾರ್‌ನ ಕುತ್ತಿಗೆ ಕಡೆ ಇರೋ ಪಿಕಪ್ ಆಯ್ಕೆ ಮಾಡಿ. ಅಲ್ಲಿ ಸ್ವರದ ದಪ್ಪ ಭಾಗ ಜಾಸ್ತಿ ಸಿಗುತ್ತೆ. ಟೋನ್ ಗುಂಡಿಯನ್ನ ಅರ್ಧಕ್ಕಿಂತ ಕೆಳಗೆ ತಿರುಗಿಸಿ.

ಪಿಕ್ ಬಿಡಿ. ಹೆಬ್ಬೆರಳು ಇಲ್ಲಾಂದ್ರೆ ಎರಡು ಬೆರಳಲ್ಲಿ ಮೀಟಿ.

ದಪ್ಪ ನಾಲ್ಕು ತಂತಿ ಬಿಟ್ಟು ಆಚೆ ಹೋಗಬೇಡಿ. ಸಣ್ಣ ತಂತಿಯನ್ನ ಎಷ್ಟು ಇಳಿಸಿದ್ರೂ ಅದಕ್ಕೆ ತೂಕ ಬರಲ್ಲ.

ಒಂದು ಸಲಕ್ಕೆ ಒಂದೇ ಸ್ವರ. ಉಳಿದ ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನಾಗಿಸಿ.

ಡಿಸ್ಟಾರ್ಶನ್, ರಿವರ್ಬ್ ಏನೂ ಇಲ್ಲದೆ ನೇರ ಸೌಂಡ್ ಕಾರ್ಡ್‌ಗೆ ಹಾಕಿ. ಸದ್ದು ಶುದ್ಧ ಇದ್ರೆ ಇಳಿಸೋದು ಸುಲಭ. ಉಳಿದ ಮಸಾಲೆ ಆಮೇಲೆ.

ಎಲ್ಲಕ್ಕಿಂತ ಮುಖ್ಯ, ಕಡಿಮೆ ಬಾರಿಸಿ. ತಬಲಾದಲ್ಲಿ ಡಗ್ಗಾ ಎಷ್ಟು ಸಲ ಗುಂ ಅನ್ನುತ್ತೆ ನೋಡಿ. ಪ್ರತಿ ಮಾತ್ರೆಗೂ ಅನ್ನಲ್ಲ, ಬೇಕಾದಲ್ಲಿ ಮಾತ್ರ. ನಾನು ನಮ್ಮ ಮುಂಡರಗಿಯವನ ಢೋಲಕ್‌ನ ದಪ್ಪ ಪೆಟ್ಟು ಎಲ್ಲೆಲ್ಲಿ ಬೀಳುತ್ತೆ ಅಂತ ಕಾಗದದ ಮೇಲೆ ಗುರುತು ಹಾಕ್ಕೊಂಡೆ. ಅಲ್ಲಲ್ಲೇ ಸ್ವರ ಇಟ್ಟೆ. ಆಗ ಮೊದಲ ಸಲ ಇಬ್ಬರೂ ಒಂದೇ ವಾದ್ಯ ಬಾರಿಸ್ತಾ ಇದ್ದೀವಿ ಅನ್ನಿಸ್ತು.

ಬಸ್ಸಿನಲ್ಲಿ ಕಾಣೆಯಾದ ಬೇಸ್

ಶುಕ್ರವಾರ ರಾತ್ರಿ ಮಿಕ್ಸ್ ಮುಗೀತು. ನನ್ನ ಹೆಡ್‌ಫೋನ್‌ನಲ್ಲಿ ಎದೆ ನಡುಗೋ ಬೇಸ್. ವಾಟ್ಸಾಪ್‌ನಲ್ಲಿ ಕಳಿಸಿ ಮಲಗಿದೆ. ಬೆಳಗ್ಗೆ ಹಾಡುಗಾರ ಫೋನ್ ಮಾಡಿದ, ಶಿರಹಟ್ಟಿ ಮೇಲೆ ಹೋಗೋ ಬಸ್ಸಿನಲ್ಲಿ ಕೂತಿದ್ದ.

"ಬೇಸ್ ಎಲ್ಲಿ ಐತಲೇ? ನನಗ ಕೇಳವಲ್ದು."

"ಇಯರ್‌ಫೋನ್ ಹಾಕೀಯೇನು?"

"ಇಲ್ಲ, ಸ್ಪೀಕರ್‌ನಾಗ ಹಚ್ಚೇನಿ. ಅವ್ರೂ ಬೆಂಗ್ಳೂರಾಗ ಫೋನ್‌ನಾಗ ಕೇಳೂದಲ್ಲೇನು?"

ಅವನ ಮಾತು ನಿಜ. ನಾನೂ ಫೋನ್ ಸ್ಪೀಕರ್‌ನಲ್ಲಿ ಹಚ್ಚಿದೆ. ಬೇಸ್ ಇರಲೇ ಇಲ್ಲ. ನಾಲ್ಕು ದಿನದ ಕೆಲಸ ಗಾಳಿಗೆ ಹೋಗಿತ್ತು.

ಯಾಕೆ? ಫೋನಿನ ಸ್ಪೀಕರ್ ಉಗುರಿನಷ್ಟು. 41, 55 ಹರ್ಟ್ಸ್‌ಗೆ ಬೇಕಾದಷ್ಟು ಗಾಳಿ ತಳ್ಳೋ ಶಕ್ತಿ ಅದಕ್ಕಿಲ್ಲ. ಅದು ಚೆನ್ನಾಗಿ ಮಾತಾಡೋದು ಕೆಲವು ನೂರು ಹರ್ಟ್ಸ್ ದಾಟಿದ ಮೇಲೆ. ನಾನು ಏನು ಮಾಡಿದ್ದೆ ಗೊತ್ತಾ? ಬೇಸ್ ಅಂದ್ರೆ ಬರೀ ದಪ್ಪ ಸದ್ದು ಅಂದ್ಕೊಂಡು, 200 ಹರ್ಟ್ಸ್‌ಗಿಂತ ಮೇಲಿನದ್ದನ್ನೆಲ್ಲಾ ಈಕ್ವಲೈಜರ್‌ನಲ್ಲಿ ಕತ್ತರಿಸಿ ಬಿಸಾಕಿದ್ದೆ. ಫೋನ್ ನುಡಿಸಬಹುದಾದ ಭಾಗವನ್ನೇ ತೆಗೆದುಹಾಕಿದ್ದೆ.

ಇಲ್ಲಿ ಒಂದು ಸೋಜಿಗ ಇದೆ. ಹಳೇ ಕಾಲದ ಲ್ಯಾಂಡ್‌ಲೈನ್ ನೆನಪು ಮಾಡ್ಕೊಳ್ಳಿ. ಆ ಫೋನ್ ವ್ಯವಸ್ಥೆ ಸುಮಾರು 300ರಿಂದ 3,400 ಹರ್ಟ್ಸ್ ಒಳಗಿನ ಸದ್ದನ್ನ ಮಾತ್ರ ಕಳಿಸ್ತಿತ್ತು. ಗಂಡಸರ ದನಿಯ ಮೂಲ ಸ್ವರ ಅದಕ್ಕಿಂತ ಎಷ್ಟೋ ಕೆಳಗೆ, ಸಾಮಾನ್ಯವಾಗಿ 100ರಿಂದ 150ರ ಹತ್ರ. ಅಂದ್ರೆ ನಿಮ್ಮಪ್ಪನ ದನಿಯ ಮೂಲ ಸ್ವರ ಆ ತಂತಿಯಲ್ಲಿ ಬರ್ತಾನೇ ಇರಲಿಲ್ಲ. ಆದ್ರೂ ಅಪ್ಪ ಅಪ್ಪನ ಥರಾನೇ ಕೇಳಿಸ್ತಿದ್ರು. ಹೇಗೆ?

ಯಾವ ತಂತಿಯೂ ಒಂದೇ ಸ್ವರ ನುಡಿಯಲ್ಲ. 55ರ ಜೊತೆಗೆ ಅದರ ಎರಡು ಪಟ್ಟು 110, ಮೂರು ಪಟ್ಟು 165, ನಾಲ್ಕು ಪಟ್ಟು 220, ಹೀಗೆ ಮೇಲಿನ ಸ್ವರಗಳೂ ಸಣ್ಣಗೆ ನುಡೀತಾವೆ. ತಂಬೂರಿಯ ಖರಜದ ತಂತಿ ಮೀಟಿದಾಗ ಒಳಗಿಂದ ಬೇರೆ ಸ್ವರಗಳು ಕೇಳಿಸ್ತಾವಲ್ಲ, ಅವೇ. ಆ ಮೇಲಿನ ಸ್ವರಗಳ ನಡುವೆ 55, 55ರ ಅಂತರ ಇರೋದನ್ನ ನೋಡಿ, ಕೆಳಗೆ 55 ಇದ್ದಿರಲೇಬೇಕು ಅಂತ ನಮ್ಮ ಮಿದುಳೇ ತುಂಬ್ಕೊಳ್ಳುತ್ತೆ. ಇದಕ್ಕೆ 'ಮಿಸ್ಸಿಂಗ್ ಫಂಡಮೆಂಟಲ್' ಅಂತಾರೆ. ಕಾಣೆಯಾದ ಮೂಲ ಸ್ವರ.

ಅಂದ್ರೆ ಫೋನ್‌ನಲ್ಲಿ ಬೇಸ್ ಕೇಳಿಸಬೇಕಾದ್ರೆ ಇನ್ನೂ ದಪ್ಪ ಮಾಡೋದಲ್ಲ. ಮೇಲಿನ ಸ್ವರಗಳನ್ನ ಉಳಿಸ್ಕೋಬೇಕು.

ಶನಿವಾರ ಸರಿ ಮಾಡಿದ್ದು

ಕತ್ತರಿಸೋ ಗೆರೆಯನ್ನ 200ರಿಂದ ಎತ್ತಿ 3,000 ಹರ್ಟ್ಸ್ ಹತ್ರ ಇಟ್ಟೆ. ಅದರ ಮೇಲಿನ ಕಿಣಿಕಿಣಿ ಹೋಯ್ತು, ಗಿಟಾರ್ ಅಂತ ಗುರುತು ಸಿಗೋದು ಅಲ್ಲೇ. ಕೆಳಗಡೆ 35 ಹರ್ಟ್ಸ್‌ಗಿಂತ ಕಡಿಮೆ ಇರೋ ಗೊರಗೊರ ತೆಗೆದೆ. ಸ್ವರಗಳ ಏರಿಳಿತ ಸಮ ಮಾಡೋಕೆ ಕಂಪ್ರೆಸರ್, 4ಕ್ಕೆ 1. ಕೊನೆಗೆ ಒಂದು ಚೂರು ಸ್ಯಾಚುರೇಶನ್. ಅದು ಸದ್ದನ್ನ ಸ್ವಲ್ಪ ಒರಟು ಮಾಡಿ ಮೇಲಿನ ಸ್ವರಗಳನ್ನ ಹುಟ್ಟಿಸುತ್ತೆ. ಉಪ್ಪಿನಷ್ಟು ಸಾಕು. 700ರಿಂದ 1,000 ಹರ್ಟ್ಸ್ ನಡುವೆ ಒಂದಿಷ್ಟು ಎತ್ತಿದೆ.

(ಧ್ವನಿ ತುಣುಕು: ಶುಕ್ರವಾರದ ಮಿಕ್ಸ್, ಆಮೇಲೆ ಶನಿವಾರದ ಮಿಕ್ಸ್. ಇದನ್ನ ಫೋನ್ ಸ್ಪೀಕರ್‌ನಲ್ಲೇ ಕೇಳಿ)

ವ್ಯತ್ಯಾಸ ಸಿಕ್ತಲ್ಲ? ಎರಡರಲ್ಲೂ ಸ್ವರ ಅದೇ, ಬಾರಿಸಿದ್ದೂ ಅದೇ.

ಇದರಿಂದ ಆಗದಿರೋದೂ ಇದೆ. ಬೆರಳಿಂದ ತಂತಿ ಬಡಿದು, ಎಳೆದು ಬಿಡೋ ಸ್ಲ್ಯಾಪ್ ಶೈಲಿ ಇದರಲ್ಲಿ ಬರಲ್ಲ. ಬೇಸ್ ಒಂದೇ ಒಂಟಿಯಾಗಿ ನುಡಿಯೋ ಜಾಗ ಇದ್ರೆ ಗುಟ್ಟು ಬಯಲಾಗುತ್ತೆ. ದೊಡ್ಡ ಸ್ಪೀಕರ್ ಮುಂದೆ ಹಚ್ಚಿದ್ರೆ ನಿಜವಾದ ಬೇಸ್‌ನ ತೂಕ ಇದಕ್ಕಿಲ್ಲ ಅಂತ ಗೊತ್ತಾಗುತ್ತೆ. ಬಿಡುಗಡೆ ಮಾಡೋ ಹಾಡಿಗೆ ಬೇಸ್ ಬಾರಿಸೋರನ್ನೇ ಕರೆಸಿ, ಅವರ ಕೆಲಸಕ್ಕೆ ದುಡ್ಡು ಕೊಡಿ.

ಕಳಿಸಿದ ಮೇಲೆ

ಭಾನುವಾರ ಸಂಜೆ ಮಿರ್ಚಿ-ಗಿರ್ಮಿಟ್ ತಿಂತಾ ಮೇಲ್ ಬರೆದ್ವಿ. ಒಂದು ಸಾಲಿನ ಬಗ್ಗೆ ಜಗಳ ಆಯ್ತು. "ಬೇಸ್ ಭಾಗವನ್ನು ಗಿಟಾರ್‌ನಲ್ಲಿ ನುಡಿಸಲಾಗಿದೆ" ಅಂತ ಬರೀಬೇಕಾ ಬೇಡ್ವಾ? ಢೋಲಕ್‌ನವನು ಬ್ಯಾಡ ಅಂದ. ಹಾಡುಗಾರ ಬರೀ ಅಂದ. "ನಾಳೆ ಬರ್ರಿ ಅಂದ್ರ ಬೇಸ್‌ನವನ್ನ ಎಲ್ಲಿಂದ ತರ್ತಿ? ಮೊದಲ ಹೇಳಿಬಿಡೂದು ಚಲೋ." ಬರೆದು ಕಳಿಸಿದ್ವಿ.

ಹತ್ತು ದಿನಕ್ಕೆ ಉತ್ತರ ಬಂತು. ಹಾಡು ಹಿಡಿಸಿದೆ, ಮುಂದಿನ ಸುತ್ತಿಗೆ ತಂಡದ ಜೊತೆ ಬನ್ನಿ ಅಂತ. ಬೇಸ್ ವಿಷಯ ಅವರು ಎತ್ತಲೇ ಇಲ್ಲ. ಪುಣೆಯ ದೋಸ್ತ ಎರಡು ದಿನ ರಜೆ ಹಾಕಿ, ತನ್ನ ಬೇಸ್ ತಗೊಂಡು ಬರ್ತೀನಿ ಅಂದಿದ್ದಾನೆ. ನಾನು ಗಿಟಾರ್‌ನಲ್ಲಿ ಹಾಕಿದ ಸ್ವರಗಳನ್ನ ಕೇಳ್ಕೊಂಡೇ ಕಲೀತಾ ಇದ್ದಾನೆ. ಬೆರಳಿನ ಜಾಗ ಎರಡರಲ್ಲೂ ಒಂದೇ ಅಲ್ವಾ, ಅವನಿಗೆ ಕಷ್ಟ ಆಗಿಲ್ಲ.

ಮುಂದೆ ಏನಾಗುತ್ತೋ ಗೊತ್ತಿಲ್ಲ. ಹಾಡುಗಾರ ಈಗ ಹಗಲು ಅಂಗಡೀಲಿ ಇರ್ತಾನೆ, ರಾತ್ರಿ ರಿಹರ್ಸಲ್. ಅವರಪ್ಪ ಡೆಮೊ ಕೇಳಿದ್ರಂತೆ, ಫೋನ್ ಸ್ಪೀಕರ್‌ನಲ್ಲೇ. ಕೇಳಿ, "ತಮ್ಮಾ, ಕೆಳಗ ಗುಂಯ್ ಅನ್ನೂದು ಚಲೋ ಐತಿ" ಅಂದ್ರಂತೆ.

ನೀವೂ ಮಾಡಿ ನೋಡಿ. ಮಾಡಿದ್ದನ್ನ ಮೊದಲು ಇಯರ್‌ಫೋನ್ ಇಲ್ಲದೆ, ಬರೀ ಫೋನ್‌ನಲ್ಲಿ ಹಚ್ಚಿ ಕೇಳಿ. ಅಲ್ಲಿ ಬೇಸ್ ಕೇಳಿಸಿದ್ರೆ ಎಲ್ಲಾ ಕಡೆ ಕೇಳಿಸುತ್ತೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಈಗ ಫ್ಯಾನ್ ಹಾಕ್ಕೋತೀನಿ, ಬೆವರು ಹರಿದು ಹೋಗ್ತಾ ಇದೆ. ನಮಸ್ಕಾರ.